ಬಚ್ಚಲ ಬಾಗಿಲ ಚಿಲಕ

ಸಿದ್ದಾಪುರ
ಬುಧವಾರ, 22 ಜನವರಿ 2025

ನನ್ನ ಬಚ್ಚಲ ಕಾವಲುಗಾರ್ತಿ ಪ್ರಿಯಾ,

ಹೀಗೆ ಕರೆದದ್ದು ನೋಡಿ ನಿನ್ನ ಗಂಡ ನಕ್ಕರೆ ನಗಲಿ. ಫೋನ್ ಇರುವಾಗ ಕಾಗದ ಯಾಕೆ ಅಂತೀಯಾ? ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಟ್ಟರೆ ತಾನೇ!

ನಾವು ಬೆಳೆದ ಈ ಬಾಲಕಿಯರ ಮನೆಗೆ ವಾರ್ಡನ್ ಆಗಿ ಬಂದ ಕೂಡಲೇ ನಾನು ಮಾಡಿಸಿದ ಮೊದಲ ಕೆಲಸ, ಬಚ್ಚಲುಗಳಿಗೆ ಒಳಗಿನಿಂದ ಚಿಲಕ. ನಮ್ಮ ಕಾಲದಲ್ಲಿ ಯಾರಾದರೂ ಒಳಗೇ ಉಳಿದುಬಿಟ್ಟಾರು ಅಂತ ಚಿಲಕವನ್ನೇ ಕಿತ್ತುಹಾಕಿದ್ದರಲ್ಲ. ನಾನು ಸ್ನಾನಕ್ಕೆ ಹೋದರೆ ನೀನು ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದೆ. ತಲೆಗೆ ಸೀಗೆಪುಡಿ ಹಚ್ಚಿ ಕಣ್ಣು ಮುಚ್ಚಿದರೆ ನನಗೆ ಭಯ. ಇದ್ದೀಯೇನೇ ಅಂತ ಕೂಗುತ್ತಿದ್ದೆ. ಇದ್ದೀನಿ ಮಾರಾಯ್ತಿ, ಬೇಗ ಸುರಿದುಕೋ, ಅವಲಕ್ಕಿ ಖಾಲಿಯಾಗುತ್ತೆ ಅಂತ ನೀನು. ಸಂದಿಯಿಂದ ನೀರು ಹರಿದು ನಿನ್ನ ಲಂಗವೆಲ್ಲ ಒದ್ದೆ. ನೆನೆದರೆ ಈಗಲೂ ನಗು, ಜೊತೆಗೇ ಅಳು.

ಹೋದ ಶನಿವಾರ ಬೆಳಿಗ್ಗೆ ದಿವ್ಯ ಅನ್ನುವ ಹನ್ನೊಂದರ ಹುಡುಗಿ ಚಿಲಕ ಹಾಕಿಕೊಂಡು, ಎಷ್ಟು ಕರೆದರೂ ಓಗೊಡಲಿಲ್ಲ. ಇಡೀ ಸಂಸಾರ ಒಂದೇ ಕೋಣೆಯಲ್ಲಿರುವ ಎಸ್ಟೇಟಿನ ಲೈನ್ ಮನೆಯಿಂದ ಬಂದು ಇನ್ನೂ ವಾರವಾಗಿರಲಿಲ್ಲ. ಅಡುಗೆಯ ರಂಗಮ್ಮ ಬಾಗಿಲು ಒಡೆಯೋಣ ಅಂದಳು. ತಡೆ ಅಂದೆ. ಕಿವಿಗೊಟ್ಟರೆ ಒಳಗೆ ಹೆಜ್ಜೆ ಸದ್ದು. ಎಲ್ಲರನ್ನೂ ಕಳಿಸಿ ನಿನ್ನ ಹಾಗೇ ಬೆನ್ನು ಕೊಟ್ಟು ಕೂತೆ. ಇದ್ದೀನಿ ಕಣೇ, ನಿಧಾನಕ್ಕೆ ಬಾ ಅಂದೆ. ಸ್ವಲ್ಪ ಹೊತ್ತಿಗೆ ನೀರಿನ ಸದ್ದು ಕೇಳಿತು. ಹೊರಗೆ ಬಂದವಳನ್ನು ಇಷ್ಟು ಹೊತ್ತು ಏನು ಮಾಡ್ತಿದ್ದೆ ಅಂತ ಕೇಳಿದರೆ, ಸುಮ್ಮನೆ ನಿಂತಿದ್ದೆ ಮೇಡಂ, ಬಾಗಿಲು ಹಾಕಿಕೊಂಡು ಒಬ್ಬಳೇ ಇದ್ದದ್ದು ಇದೇ ಮೊದಲು ಅಂದಳು. ಬೈಯಲು ಬಾಯಿ ತೆರೆದಿದ್ದವಳು ಟವೆಲ್ ತಗೊಂಡು ಅವಳ ತಲೆ ಒರೆಸಿದೆ.

ವಿಷಯ ನಮ್ಮ ಸಮಿತಿಯ ಅಧ್ಯಕ್ಷ ನಾಣಯ್ಯನವರ ಕಿವಿಗೆ ಬಿತ್ತು. ಬರುವ ಸೋಮವಾರದ ಸಭೆಯಲ್ಲಿ ಚಿಲಕಗಳನ್ನೆಲ್ಲ ತೆಗೆಸುವ ತೀರ್ಮಾನ ಮಾಡುತ್ತಾರಂತೆ. ಕೆಟ್ಟವರಲ್ಲ, ಹೆದರಿದ್ದಾರೆ. ಬೇಕಾದಾಗ ಹೊರಗಿನಿಂದಲೂ ತೆಗೆಯಬಹುದಾದ ಚಿಲಕ ಸಿಗುತ್ತದೆ, ಅದನ್ನೇ ಹಾಕಿಸೋಣ ಅಂದೆ. ಚಿಲಕ ಇಲ್ಲದೆಯೇ ನೀವೆಲ್ಲ ಚೆನ್ನಾಗಿ ಬೆಳೆದಿರಲ್ಲಮ್ಮ ಅಂದರು. ಮೈಯೆಲ್ಲ ಉರಿದುಹೋಯಿತು ಕಣೇ! ಬಾಗಿಲಲ್ಲಿ ನೀನಿದ್ದೆ, ನಾನು ಬೆಳೆದೆ. ಇಲ್ಲಿರುವ ಮಕ್ಕಳಿಗೆಲ್ಲ ಒಬ್ಬೊಬ್ಬ ಪ್ರಿಯಾ ಎಲ್ಲಿಂದ ತರಲಿ?

ನಾನು ಸಂಬಳದವಳು, ಹೇಳಿದರೆ ಹಟ ಅಂತಾರೆ. ನೀನು ಬಾ. ನಿನ್ನ ಹೊಲಿಗೆ ಅಂಗಡಿಗೆ ಒಂದು ದಿನ ಬೀಗ ಹಾಕಿ ಗೋಣಿಕೊಪ್ಪಲಿನಿಂದ ಬೆಳಗಿನ ಬಸ್ಸು ಹತ್ತು. ಅವರೆದುರು ಕೂತು ನಮ್ಮ ಬಾಗಿಲ ಕಥೆ ಹೇಳು. ಅವಲಕ್ಕಿ ಮಾಡಿಸಿಡುತ್ತೇನೆ, ನೀನು ಬರುವತನಕ ಖಾಲಿಯಾಗಲು ಬಿಡುವುದಿಲ್ಲ.

ನಿನ್ನ ದಾರಿ ಕಾಯುತ್ತಿರುವ,
ಸೌಮ್ಯ

ಇನ್ನೊಂದು ಮಾತು: ನನ್ನ ಕ್ವಾರ್ಟರ್ಸಿನ ಬಚ್ಚಲಿಗೆ ಗಟ್ಟಿ ಚಿಲಕವಿದೆ. ಹಾಕಿದ ಮೇಲೂ ಎಳೆದು ನೋಡಿಯೇ ನೀರು ಮುಟ್ಟುತ್ತೇನೆ. ಆದರೂ ತಲೆಗೆ ನೊರೆ ಹಚ್ಚಿ ಕಣ್ಣು ಮುಚ್ಚಿದಾಗ, ಈ ವಯಸ್ಸಿನಲ್ಲೂ, ಇದ್ದೀಯೇನೇ ಅಂತ ಕೂಗಿಬಿಡುತ್ತೇನೆ. ಇದನ್ನು ಯಾರಿಗೂ ಹೇಳಬೇಡ. ಸೋಮವಾರ ನಾಣಯ್ಯನವರಿಗೆ ಮಾತ್ರ ಹೇಳು.