ಕಡ್ಡಿ ತುದೀಗೆ ಕುಂಕುಮ

ಪಂಢರೀ,

ಹುನಗುಂದದ ಬಸ್ಸಿಗೆ ಹೊಂಟೇನಿ, ಮಲಗಿದವನ್ನ ಎಬ್ಬಸ್ಲಿಲ್ಲ. ವೆಲ್ಡಿಂಗ್ ಮಷಿನ್ ಮುಂಬಯಿಗೆ ವಾಪಸ್ ಕಳಸೂ ಮಾತು ಬಿಡು. ಅದರದೇನೂ ತಪ್ಪಿಲ್ಲ.

ಉರಿ ಹೊಯ್ದಾಡ್ತದಂತ ನಾವು ಗ್ಯಾಸ್ ಹೆಚ್ಚುಕಡಿಮಿ ಮಾಡಿ, ಗಾಳಿ ಬರಬಾರದಂತ ಕಿಡಕಿ ಮುಚ್ಚಿ ಬೆವತು ಸತ್ತಿವಿ. ಇವತ್ತ ಮುಂಜಾನೆ ಕಣ್ಣಾರೆ ಕಂಡೆ. ಅವ್ವ ದಿನಾ ಮಷಿನ್ ಪೂಜಾ ಮಾಡಿ, ಉರಿ ಹೊಂಡೂ ಟಂಗ್‌ಸ್ಟನ್ ಕಡ್ಡಿ ತುದೀಗೇ ಎಣ್ಣ್ಯಾಗ ಕಲಿಸಿದ ಕುಂಕುಮ ಹಚ್ಚತಾಳ! ಉರಿ ಹ್ಯಾಂಗ ನೆಟ್ಟಗ ನಿಂತೀತು?

ಕಡ್ಡಿ ಸಾಣಿ ಹಿಡದು ಇಟ್ಟೇನಿ. ಹಾಲು ಮಾರೂ ಯಂಕಪ್ಪನ ಸೀಳಿದ ಅಲ್ಯುಮಿನಿಯಂ ಕ್ಯಾನ್ ಜಿಡ್ಡು ಹೋಗೂಹಂಗ ತೊಳದು, ಒಣಗಿಸಿ, ತಂತಿ ಬ್ರಷ್ಷಿಲೆ ತಿಕ್ಕು. ಆಮ್ಯಾಲೆ ಬೆರಳು ಹಚ್ಚಬ್ಯಾಡ. ಸಂಜೀಕ ಅಂವಾ ಬರೂದ್ರಾಗ ಬೆಸಿಗಿ ಹಾಕಿಡು. ಇದೊಂದು ಕೆಲಸ ನೆಟ್ಟಗಾದ್ರ ಊರಿನ ಹಾಲಿನವರೆಲ್ಲಾ ನಮ್ಮ ಕಡೆನ ಬರ್ತಾರ.

ಅವ್ವನ ಮ್ಯಾಲೆ ಸಿಟ್ಟು ಮಾಡಬ್ಯಾಡ. ಮಷಿನ್ನಿನ ಪೆಟ್ಟಿಗಿ ಅದರ ಹಣಿ, ಕಡ್ಡಿ ಅದರ ನಾಲಿಗಿ, ಕುಂಕುಮ ಹಣೀಗೆ ಹಚ್ಚು ಅಂತ ತಿಳಿಸಿ ಹೇಳೇನಿ. ನಕ್ಕು ಒಪ್ಪಿದ್ಲು.

ಆದ್ರ ಎದ್ದ ಕೂಡ್ಲೆ ಮೊದಲ ಕಡ್ಡಿ ನೋಡು. ನಾಲಿಗಿ ಅಂದಮ್ಯಾಲೆ ನೈವೇದ್ಯಾನೂ ಬೇಕಲ್ಲಾ ಅಂತ ಬೆಲ್ಲದ ಡಬ್ಬಿ ಹುಡುಕ್ಲಿಕ್ಕೆ ಹತ್ಯಾಳ.

ಅಣ್ಣ