ಹನ್ನೊಂದು ಐವತ್ತಾರು

ಒಂದನೇ ತಾರೀಖು, ಮಂಗಳವಾರ. ರಾತ್ರಿ ಎರಡು ಗಂಟೆ.

ತಾರೀಖು ಬರೆಯುವಾಗಲೇ ಕೈ ತಡೆಯಿತು. ಸದನದ ನಡಾವಳಿಯಲ್ಲಿ ಮೂವತ್ತೊಂದು ಎಂದು ಬರೆದು ಸಹಿ ಹಾಕಿ ಬಂದವನು ನಾನೇ.

ನಾನೂರು ನರ್ಸುಗಳನ್ನು ನೇಮಿಸಿದ ಸುಗ್ರೀವಾಜ್ಞೆಗೆ ಸಂವಿಧಾನ ಕೊಟ್ಟ ಗಡುವು ಮಧ್ಯರಾತ್ರಿಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಮಸೂದೆ ಪಾಸಾಗದಿದ್ದರೆ ಅವರ ಕೆಲಸ ಹೋಗುತ್ತಿತ್ತು. ಭಾಷಣಗಳು ಮುಗಿಯುತ್ತಿರಲಿಲ್ಲ. ಸಭಾಧ್ಯಕ್ಷರು ನನ್ನನ್ನು ಹತ್ತಿರ ಕರೆದು, “ಕಾರ್ಯದರ್ಶಿಗಳೇ, ಆ ಗಡಿಯಾರ ಸ್ವಲ್ಪ ನಿಲ್ಸಿಬಿಡಿ” ಎಂದರು. ಹಿಂದಿನವರೂ ಹೀಗೇ ಮಾಡುತ್ತಿದ್ದರಂತೆ. ಕುರ್ಚಿ ಹತ್ತಿ ಗೋಡೆ ಗಡಿಯಾರದ ಸೆಲ್ ತೆಗೆದೆ. ಹನ್ನೊಂದು ಐವತ್ತಾರು.

ವಿರೋಧ ಪಕ್ಷದ ಹಿರಿಯ ಸದಸ್ಯೆ, ನಾವೆಲ್ಲ ಅಕ್ಕ ಎನ್ನುವವರು, ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಇವತ್ತು ನರ್ಸುಗಳಿಗೋಸ್ಕರ ನಿಲ್ಸಿದ್ರಿ. ನಾಳೆ ಅಧಿಕಾರ ಬಿಡೋಕೆ ಮನಸ್ಸಿಲ್ಲದವನು ನಿಲ್ಸು ಅಂದ್ರೆ?”

ಕುರ್ಚಿಯಿಂದ ಇಳಿದೆ. ಒಂದು ಗಂಟೆಯ ಹೊತ್ತಿಗೆ ಮಸೂದೆ ಪಾಸಾಯಿತು. ಅಕ್ಕನೂ ಪರವಾಗಿಯೇ ಕೈ ಎತ್ತಿದರು, ತಲೆ ಮಾತ್ರ ಎತ್ತಲಿಲ್ಲ.

ಆ ನಾನೂರರಲ್ಲಿ ನನ್ನ ತಂಗಿಯೂ ಒಬ್ಬಳು. ಮನೆಗೆ ಬಂದಾಗ ಎದ್ದೇ ಕೂತಿದ್ದಳು.

“ಕೆಲ್ಸ ಉಳೀತಾ ಅಣ್ಣಾ?”

“ಉಳೀತು, ಮಲ್ಕೋ.”

ಅವಳು ಮಲಗಿದಳು. ನನಗೆ ನಿದ್ದೆ ಹತ್ತುತ್ತಿಲ್ಲ. ಅಂಗಿ ಬಿಚ್ಚುವಾಗ ಜೇಬಿನಲ್ಲಿ ಏನೋ ಗಟ್ಟಿಯಾಗಿ ಕೈಗೆ ತಗುಲಿತು. ಗಡಿಯಾರದ ಸೆಲ್. ವಾಪಸ್ ಹಾಕುವುದನ್ನೇ ಮರೆತಿದ್ದೇನೆ.

ಬೀಗ ಹಾಕಿದ ಸದನದಲ್ಲಿ ಈಗಲೂ ನಿನ್ನೆಯೇ. ಬೆಳಿಗ್ಗೆ ಬೇಗ ಹೋಗಬೇಕು, ಅಕ್ಕ ಬರುವುದಕ್ಕೆ ಮುಂಚೆ.