ಕಿಟಕಿಯಾಚೆಯ ಕೈ

ನವೆಂಬರ್ ೧೨, ಮಂಗಳವಾರ

ಪಾಠ ಚೆನ್ನಾಗಿ ಆಯಿತೆಂದು ಮನೆಯಲ್ಲಿ ಹೇಳಿದೆ. ಅಮ್ಮನಿಗೆ ಖುಷಿಯೋ ಖುಷಿ. ನಾನು ಮಾತ್ರ ಊಟ ಅರ್ಧಕ್ಕೇ ಬಿಟ್ಟು ಇದನ್ನು ಬರೆಯಲು ಕೂತೆ.

ಇಂದು ನಾನು ಪಾಠ ಮಾಡುವುದನ್ನು ನೋಡಿ ಅಂಕ ಕೊಡಲು ನಮ್ಮ ಟೀಚರ್ ಟ್ರೈನಿಂಗ್ ಕಾಲೇಜಿನ ಮೇಡಂ ಶಾಲೆಗೆ ಬಂದಿದ್ದರು. ನನ್ನ ಮೂರನೇ ತರಗತಿಯ ಹುಡುಗಿಯೊಬ್ಬಳಿಗೆ, ಈ ಡೈರಿಯಲ್ಲಿ ನಾನು ಗುಬ್ಬಚ್ಚಿ ಎಂದು ಕರೆಯುವವಳಿಗೆ, ಮಾತು ತೊದಲುತ್ತದೆ. ಅವಳು ಉತ್ತರ ಮುಗಿಸುವಷ್ಟರಲ್ಲಿ ಉಳಿದವರು ನಗಲು ಶುರುಮಾಡುತ್ತಾರೆ. ಆದರೂ ಎಲ್ಲರಿಗಿಂತ ಮೊದಲು ಕೈ ಎತ್ತುವವಳು ಅವಳೇ. ಅದಕ್ಕೇ ಪಾಠಕ್ಕೆ ಮುಂಚೆ ಅವಳನ್ನು ಕರೆದು, "ಗಿಡಗಳಿಗೆ ನೀರು ಹಾಕಿ ಬಾ ಪುಟ್ಟಿ, ಅವಸರ ಏನೂ ಇಲ್ಲ" ಎಂದೆ. ದೊಡ್ಡ ಕೆಲಸ ಸಿಕ್ಕಿತೆಂದು ಕುಣಿಯುತ್ತ ಹೋದಳು.

ಬೀಜ ಮೊಳೆಯಲು ಏನೇನು ಬೇಕು ಎಂದು ಕೇಳಿದಾಗ ಕಿಟಕಿಯಾಚೆ ಒದ್ದೆ ಕೈಯೊಂದು ಮೇಲೆದ್ದಿತು. ಗುಬ್ಬಚ್ಚಿ ತುದಿಗಾಲಲ್ಲಿ ನಿಂತಿದ್ದಳು. ನಾನು ಮುಖ ತಿರುಗಿಸಿ ಮುಂದಿನ ಬೆಂಚಿನವನನ್ನು ಕೇಳಿದೆ.

"ಎಲ್ಲಾ ಮಕ್ಕಳ ಕೈಲೂ ಮಾತಾಡಿಸಿದ್ರಿ, ಶಭಾಷ್!" ಎಂದರು ಮೇಡಂ, ಪಾಠ ಮುಗಿದ ಮೇಲೆ.

ಶಾಲೆ ಬಿಟ್ಟ ಮೇಲೆ ಗುಬ್ಬಚ್ಚಿ ನನ್ನ ಬಳಿ ಬಂದಳು. "ಮಿ... ಮಿಸ್, ನಂಗೆ ಉತ್ತರ ಗೊತ್ತಿತ್ತು. ನನ್ ಕೈ ನಿಮ್ಗೆ ಕಾ... ಕಾಣ್ಲಿಲ್ವಾ?"

"ಇಲ್ಲ ಪುಟ್ಟಿ, ಕಾಣ್ಲಿಲ್ಲ."

ಅವಳೇ ನನ್ನನ್ನು ಸಮಾಧಾನ ಮಾಡಿದಳು. "ಪರ್ವಾಗಿಲ್ಲ ಮಿಸ್. ನಾಳೆ ಇನ್ನೂ ಮೇ... ಮೇಲಕ್ಕೆ ಎತ್ತಿ ಹಿಡೀತೀನಿ."

ನಾಳೆ ಮೊದಲ ಪ್ರಶ್ನೆ ಅವಳಿಗೇ. ಎಷ್ಟು ಹೊತ್ತಾದರೂ ಕಾಯುತ್ತೇನೆ. ಆದರೆ ನಾಳೆ ನನ್ನ ಪಾಠ ನೋಡಲು ಯಾರೂ ಬರುವುದಿಲ್ಲ. ಯಾರೂ ನೋಡದಿರುವಾಗ ಕಾಯುವುದು ಅದೇನು ದೊಡ್ಡ ವಿಷಯ?